ದನದ ಬೂಸಾ ಮನುಷ್ಯರ ಔಷಧಿಯಾದ ಕತೆ

ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಸಂತೆಬೀದಿಯಲ್ಲಿ ಒಂದು ಪಶು ಆಹಾರದ ಅಂಗಡಿ ಇರುತ್ತದೆ. ಹಿಂಡಿ, ಹತ್ತಿಕಾಳು, ಗೋಧಿ ಬೂಸಾ, ಅಕ್ಕಿ ತೌಡು ಎಲ್ಲ ಮೂಟೆಗಟ್ಟಲೆ ಪೇರಿಸಿಟ್ಟಿರುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ದಾಟಿದರೆ ಮೆಡಿಕಲ್ ಸ್ಟೋರ್. ಅಲ್ಲಿ ‘ಫೈಬರ್’ ಎಂದು ಬರೆದ ಡಬ್ಬಿ, ಇಸಬ್‌ಗೋಲ್ ಪೊಟ್ಟಣ, ಹೊಟ್ಟೆ ಸಾಫ್ ಮಾಡುವ ಚೂರ್ಣ, ಸಿರಪ್ಪು. ಬೂಸಾ ಅಂದರೆ ಕಾಳಿನ ಸಿಪ್ಪೆ. ಇಸಬ್‌ಗೋಲ್ ಅಂದರೂ ಒಂದು ಕಾಳಿನ ಸಿಪ್ಪೆಯೇ. ಒಂದು ಅಂಗಡಿಯಲ್ಲಿ ಮೂಟೆ ಲೆಕ್ಕ, ಇನ್ನೊಂದರಲ್ಲಿ ಗ್ರಾಂ ಲೆಕ್ಕ.

ಈ ಸಿಪ್ಪೆ ನಮ್ಮ ತಟ್ಟೆಯಿಂದ ದನದ ಕಲಗಚ್ಚಿನ ಬಾನಿಗೆ ಹೋಗಿ, ಅಲ್ಲಿಂದ ಸುತ್ತಿ ಬಳಸಿ ಮೆಡಿಕಲ್ ಶಾಪಿನ ಕಪಾಟಿಗೆ ಬಂದದ್ದಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಕತೆಯಿದೆ. ಅದನ್ನು ಹೇಳಬೇಕು ಅನ್ನಿಸಿದ್ದಕ್ಕೆ ಕಾರಣವೂ ಇದೆ. ಮಾತಾಡಲು ನಾಚಿಕೆ ಪಡುವ ವಿಷಯ ಇದು. ಜ್ವರ ಬಂದರೆ ಊರಿಗೆಲ್ಲ ಹೇಳುತ್ತೇವೆ. ಮೂರು ದಿನದಿಂದ ಹೊರಕಡೆ ಆಗಿಲ್ಲ ಅನ್ನುವುದನ್ನು ಮಾತ್ರ ಅಂಗಡಿಯವರ ಹತ್ತಿರವೂ ಪಿಸುಗುಟ್ಟುತ್ತೇವೆ. ಪಿಸುಮಾತಿನ ವ್ಯಾಪಾರದಲ್ಲಿ ಮೋಸ ಜಾಸ್ತಿ. ಸ್ವಲ್ಪ ಗಟ್ಟಿಯಾಗಿಯೇ ಮಾತಾಡೋಣ.

ಹರಳೆಣ್ಣೆಯ ದಿನ

ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ಹರಳೆಣ್ಣೆ ಅಂದ ಕೂಡಲೇ ಮುಖ ಕಿವುಚುತ್ತಾರೆ. ಉತ್ತರ ಕರ್ನಾಟಕದ ಕಡೆ ಔಡಲೆಣ್ಣೆ. ವರ್ಷಕ್ಕೆ ಒಂದೋ ಎರಡೋ ಸಲ, ಕೆಲವು ಮನೆಗಳಲ್ಲಿ ತಿಂಗಳಿಗೊಮ್ಮೆ, ಮಕ್ಕಳನ್ನೆಲ್ಲ ಬೆಳಿಗ್ಗೆ ಎಬ್ಬಿಸಿ, ಮೂಗು ಹಿಡಿದು ಎಣ್ಣೆ ಕುಡಿಸುತ್ತಿದ್ದರು. ಬಾಯಿ ಕೆಟ್ಟ ರುಚಿಗೆ ಮೇಲೆ ಒಂದಿಷ್ಟು ಕಾಫಿ ಅಥವಾ ಬೆಲ್ಲದ ಚೂರು. ಮಧ್ಯಾಹ್ನದವರೆಗೆ ಓಡಾಟ. ಆಮೇಲೆ ತಿಳಿಸಾರು ಅನ್ನ, ಮಜ್ಜಿಗೆ ಅನ್ನ. ಅವತ್ತು ಶಾಲೆ ಇಲ್ಲ ಅನ್ನುವುದೊಂದೇ ಸಮಾಧಾನ.

ಈ ಎಣ್ಣೆ ಸಣ್ಣ ಕರುಳಿಗೆ ಇಳಿದಾಗ ಒಡೆದು ರಿಸಿನೋಲಿಕ್ ಆಮ್ಲವಾಗುತ್ತದೆ. ಅದು ಕರುಳಿನ ಸ್ನಾಯುಗಳನ್ನು ಹಿಂಡುವಂತೆ ಪ್ರಚೋದಿಸುತ್ತದೆ. ಮದ್ದು ಕೆಲಸ ಮಾಡುವುದರಲ್ಲಿ ಅನುಮಾನವಿಲ್ಲ. ಈಜಿಪ್ಟಿನಲ್ಲಿ ಸಿಕ್ಕಿರುವ, ಸುಮಾರು 3500 ವರ್ಷ ಹಿಂದಿನ ವೈದ್ಯದ ಬರಹವೊಂದರಲ್ಲೇ ಹರಳಿನ ಪ್ರಸ್ತಾಪವಿದೆ. ನಮ್ಮ ಆಯುರ್ವೇದದಲ್ಲಿ ವಿರೇಚನ ಪಂಚಕರ್ಮಗಳಲ್ಲಿ ಒಂದು. ಇಂಗ್ಲೆಂಡಿನಲ್ಲಿ ಎಪ್ಸಮ್ ಎಂಬ ಊರಿನ ಕತೆ ಇನ್ನೊಂದು ಥರ. 1618ರ ಬರಗಾಲದಲ್ಲಿ ರೈತನೊಬ್ಬನ ದನಗಳು ಅಲ್ಲಿನ ಒಂದು ಗುಂಡಿಯ ನೀರನ್ನು ಮೂಸಿ ನೋಡಿ ಕುಡಿಯಲಿಲ್ಲವಂತೆ. ದನ ಬಿಟ್ಟ ಆ ಕಹಿ ನೀರನ್ನು ಜನ ಕುಡಿದು ನೋಡಿದರು, ಹೊಟ್ಟೆ ಜಾಡಿಸಿತು. ಆಮೇಲೆ ಲಂಡನ್ನಿನ ಶ್ರೀಮಂತರೆಲ್ಲ ಗಾಡಿ ಕಟ್ಟಿಕೊಂಡು ಅಲ್ಲಿಗೆ ಬರತೊಡಗಿದರು. ಅದರಲ್ಲಿದ್ದದ್ದು ಮೆಗ್ನೀಷಿಯಂ ಸಲ್ಫೇಟ್. ಇವತ್ತೂ ಎಪ್ಸಮ್ ಸಾಲ್ಟ್ ಅಂತಲೇ ಮಾರುತ್ತಾರೆ.

ಇಟಲಿಯಲ್ಲಿ ಮುಸೊಲಿನಿಯ ಕರಿ ಅಂಗಿಯ ಪಡೆಯವರು ವಿರೋಧಿಗಳನ್ನು ಹಿಡಿದು ಬಲವಂತವಾಗಿ ಹರಳೆಣ್ಣೆ ಕುಡಿಸಿ ಬೀದಿಯಲ್ಲಿ ಮಾನ ಕಳೆಯುತ್ತಿದ್ದರು. ಅತಿಯಾಗಿ ಭೇದಿಯಾಗಿ ಸತ್ತವರೂ ಇದ್ದರು. ಮದ್ದು ಎಷ್ಟು ಜೋರಿನದು ಅನ್ನುವುದಕ್ಕೆ ಈ ಮಾತು ಸಾಕು.

ಊರು ಯಾವುದಾದರೇನು, ಹಿಂದಿದ್ದ ನಂಬಿಕೆ ಒಂದೇ. ಹೊಟ್ಟೆಯೊಳಗೆ ಕಶ್ಮಲ ಸೇರಿಕೊಳ್ಳುತ್ತದೆ, ಪಾತ್ರೆ ತೊಳೆದಂತೆ ಆಗಾಗ ತೊಳೆಯಬೇಕು. ಆದರೆ ತೊಳೆದ ಮೇಲೆ ಏನಾಗುತ್ತದೆ? ಕರುಳು ಪೂರ್ತಿ ಬರಿದಾಗಿರುವುದರಿಂದ ಮುಂದಿನ ಎರಡು ಮೂರು ದಿನ ಬರುವುದಕ್ಕೆ ಏನೂ ಇರುವುದಿಲ್ಲ. ಮತ್ತೆ ಕಟ್ಟಿಕೊಂಡಿತು ಎಂದು ಗಾಬರಿಯಾಗಿ ಮತ್ತೆ ಮದ್ದು. ಇವತ್ತು ರಾತ್ರಿ ಮಲಗುವ ಮುಂಚೆ ಚೂರ್ಣ ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವ ಹಿರಿಯರಲ್ಲಿ ಅನೇಕರು ಸಿಕ್ಕಿಕೊಂಡಿರುವುದು ಈ ಸುಳಿಯಲ್ಲೇ. ಹಾಗೆ ನೋಡಿದರೆ ದಿನಾ ಆಗಲೇಬೇಕು ಎಂಬ ನಿಯಮವೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಷ್ಟಾದರೂ, ಮುಕ್ಕಿರಿಯದೆ, ಗಟ್ಟಿಯಾಗದೆ ಬಂದರೆ, ವೈದ್ಯರು ಅದನ್ನು ಸಹಜ ಅಂತಲೇ ಹೇಳುತ್ತಾರೆ.

ಕರುಳನ್ನೇ ಕತ್ತರಿಸಿದ ಡಾಕ್ಟರು

ಕಶ್ಮಲದ ಈ ಭಯ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಯುರೋಪಿನಲ್ಲಿ ವಿಜ್ಞಾನದ ವೇಷ ತೊಟ್ಟಿತು. ದೊಡ್ಡ ಕರುಳಿನಲ್ಲಿ ಮಲ ನಿಂತರೆ ಅದರಿಂದ ವಿಷ ರಕ್ತಕ್ಕೆ ಸೇರಿ ಮೈಯೆಲ್ಲ ಕೆಡುತ್ತದೆ ಎಂಬ ವಾದ. ರಷ್ಯದ ವಿಜ್ಞಾನಿ ಮೆಚ್ನಿಕಾಫ್ (1908ರಲ್ಲಿ ನೊಬೆಲ್ ಪಡೆದವರು, ಅದು ಬೇರೆ ಕೆಲಸಕ್ಕೆ) ಹುಳಿ ಮೊಸರು ತಿಂದರೆ ಕರುಳಿನ ಕೆಟ್ಟ ಜೀವಾಣುಗಳು ಅಡಗುತ್ತವೆ ಎಂದರು. ಅದು ಒಳ್ಳೆಯ ಸಲಹೆಯೇ. ಮಜ್ಜಿಗೆ ಇಲ್ಲದೆ ಊಟ ಮುಗಿಯದ ನಮಗೆ ಅದನ್ನು ಹೇಳಲು ನೊಬೆಲ್ ಬೇಕಿರಲಿಲ್ಲ, ಅಷ್ಟೇ.

ಲಂಡನ್ನಿನ ಗೈಸ್ ಆಸ್ಪತ್ರೆಯ ಸರ್ಜನ್ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋದರು. ಮಲಬದ್ಧತೆಯಿರುವವರ ದೊಡ್ಡ ಕರುಳನ್ನೇ ತೆಗೆದುಹಾಕತೊಡಗಿದರು. ಆ ಕಾಲದಲ್ಲಿ ಅವರು ಲಂಡನ್ನಿನ ಅತಿ ಹೆಸರುವಾಸಿ ಶಸ್ತ್ರವೈದ್ಯರಲ್ಲಿ ಒಬ್ಬರು. ರೋಗಿಗಳು ಸಾಯುವುದೂ ನಡೆದಿತ್ತು. 1913ರಲ್ಲಿ ಲಂಡನ್ನಿನ ವೈದ್ಯರ ಸಂಘದಲ್ಲಿ ಇದರ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ಕಡೆಗೆ ಲೇನ್ ಚಾಕು ಕೆಳಗಿಟ್ಟರು. 1925ರಲ್ಲಿ ಒಂದು ಆರೋಗ್ಯ ಸಂಘ ಕಟ್ಟಿ, ಸಿಪ್ಪೆ ಸಮೇತದ ಗೋಧಿ ಬ್ರೆಡ್ಡು, ಹಣ್ಣು, ತರಕಾರಿ ತಿನ್ನಿರಿ ಎಂದು ಪ್ರಚಾರ ಮಾಡುತ್ತ ಉಳಿದ ಆಯುಸ್ಸು ಕಳೆದರು. ಇಷ್ಟೊಂದು ಜನರ ಕರುಳು ಕೊಯ್ದ ಮೇಲೆ ಸೊಪ್ಪು ತಿನ್ನಿ ಅನ್ನುವುದಕ್ಕೆ ಬಂದರಲ್ಲ ಎಂದು ಸಿಟ್ಟೂ ಬರುತ್ತದೆ. ಆದರೆ ತಮ್ಮ ದಾರಿಯನ್ನು ಅಷ್ಟು ಬದಲಿಸಿಕೊಂಡ ದೊಡ್ಡ ಡಾಕ್ಟರುಗಳು ಹೆಚ್ಚಿಗೆ ಸಿಗುವುದಿಲ್ಲ.

ಗಿರಣಿ ಬಂತು, ಸಿಪ್ಪೆ ಹೋಯಿತು

ಸಿಪ್ಪೆ ಸಮೇತ ತಿನ್ನಿ ಎಂದು ಪ್ರತ್ಯೇಕ ಹೇಳಬೇಕಾಗಿ ಬಂದದ್ದೇ ಗಿರಣಿಯಿಂದ. ಬೀಸುಕಲ್ಲಿನಲ್ಲಿ ಗೋಧಿ ಬೀಸಿದರೆ ಸಿಪ್ಪೆ, ಮೊಳಕೆಯ ಭಾಗ, ಹಿಟ್ಟು ಎಲ್ಲ ಒಟ್ಟಿಗೇ ಬರುತ್ತದೆ. ಜರಡಿ ಹಿಡಿದರೂ ಪೂರ್ತಿ ಹೋಗುವುದಿಲ್ಲ. 1870-80ರ ದಶಕಗಳಲ್ಲಿ ಹಂಗೇರಿಯ ಬುಡಾಪೆಸ್ಟ್, ಅಮೆರಿಕದ ಮಿನಿಯಾಪೊಲಿಸ್ ಕಡೆ ಉಕ್ಕಿನ ರೋಲರ್ ಗಿರಣಿಗಳು ಹಬ್ಬಿದವು. ಅವು ಸಿಪ್ಪೆಯನ್ನು ಬೇರೆಯಾಗಿ ಸುಲಿದು, ಒಳಗಿನ ಬಿಳಿ ಹಿಟ್ಟನ್ನು ಮಾತ್ರ ಕೊಟ್ಟವು. ಅದು ಬೇಗ ಕೆಡುವುದಿಲ್ಲ, ಹಡಗಿನಲ್ಲಿ ದೂರ ಕಳಿಸಬಹುದು, ನೋಡಲು ಬೆಳ್ಳಗೆ. ಮೊದಲು ಶ್ರೀಮಂತರ ಮನೆಯಲ್ಲಿ ಮಾತ್ರ ಇದ್ದ ಬಿಳಿ ಬ್ರೆಡ್ಡು ಬಡವರಿಗೂ ಸಿಕ್ಕಿತು. ಬೂಸಾ ಕೊಟ್ಟಿಗೆಗೆ ಹೋಯಿತು.

ಇದು ಸರಿಯಲ್ಲ ಎಂದು ಅದಕ್ಕೂ ಮುಂಚೆಯೇ ಕೂಗಿದವರು ಅಮೆರಿಕದ ಪಾದ್ರಿ ಸಿಲ್ವೆಸ್ಟರ್ ಗ್ರಹಾಂ. 1837ರಲ್ಲಿ ಬ್ರೆಡ್ಡಿನ ಮೇಲೇ ಒಂದು ಪುಸ್ತಕ ಬರೆದರು. ಸಿಪ್ಪೆ ತೆಗೆಯದ ಗೋಧಿ ಹಿಟ್ಟಿಗೆ ಅಲ್ಲಿ ಇವತ್ತೂ ಗ್ರಹಾಂ ಹಿಟ್ಟು ಎಂದೇ ಹೆಸರು. ಮಾಂಸ, ಮಸಾಲೆ, ಮೆತ್ತನೆ ಹಾಸಿಗೆ ಎಲ್ಲವೂ ಮನುಷ್ಯರನ್ನು ಕೆಡಿಸುತ್ತವೆ ಎಂದೂ ಅವರು ಹೇಳುತ್ತಿದ್ದರಾದ್ದರಿಂದ ಜನ ನಕ್ಕರು. ಅವರ ಹಾದಿಯಲ್ಲೇ ಬಂದವರು ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್. ತಮ್ಮ ಆರೋಗ್ಯಧಾಮಕ್ಕೆ ಬಂದವರಿಗೆಲ್ಲ ಎನಿಮಾ ಕೊಟ್ಟು, ಕಾಳುಕಡಿ ತಿನ್ನಿಸುತ್ತಿದ್ದರು. ಆ ಆರೋಗ್ಯಧಾಮದ ಅಡುಗೆಮನೆಯಲ್ಲೇ ಕಾರ್ನ್ ಫ್ಲೇಕ್ಸ್ ಹುಟ್ಟಿದ್ದು. 1906ರಲ್ಲಿ ಅವರ ತಮ್ಮ ವಿಲ್ ಕಂಪನಿ ಕಟ್ಟಿ ಅದನ್ನು ಮಾರಾಟಕ್ಕಿಟ್ಟರು. ತಮಾಷೆಯೆಂದರೆ ಇವತ್ತಿನ ಕಾರ್ನ್ ಫ್ಲೇಕ್ಸಿನಲ್ಲಿ ನಾರು ತೀರಾ ಕಡಿಮೆ. ಬೂಸಾವನ್ನೇ ಹೆಸರಿಟ್ಟು ಡಬ್ಬಿಗೆ ತುಂಬಿ ‘ಆಲ್‌ಬ್ರಾನ್’ ಎಂದು ಆ ಕಂಪನಿ ಮಾರಲು ಶುರು ಮಾಡಿದ್ದು 1916ರಲ್ಲಿ. ತಟ್ಟೆಯಿಂದ ತೆಗೆದ ಸಿಪ್ಪೆ ಹಣ ಕೊಟ್ಟು ವಾಪಸ್ ಕೊಳ್ಳುವ ವ್ಯಾಪಾರ ಅಲ್ಲಿಂದ ದೊಡ್ಡದಾಯಿತು.

ನಮ್ಮ ದಕ್ಷಿಣದಲ್ಲಿ ಆದದ್ದು ಅಕ್ಕಿಯ ಕತೆ. ಒನಕೆಯಲ್ಲಿ ಭತ್ತ ಕುಟ್ಟಿದರೆ ಹೊಟ್ಟು ಹಾರಿ, ತೌಡು ಅಲ್ಪಸ್ವಲ್ಪ ಅಕ್ಕಿಗೇ ಅಂಟಿಕೊಂಡಿರುತ್ತದೆ. ಅಕ್ಕಿ ಗಿರಣಿ ಬಂದು ಪಾಲಿಶ್ ಶುರುವಾದ ಮೇಲೆ ಅದೂ ಹೋಯಿತು. ಒನಕೆ ಹಿಡಿದು ರೆಟ್ಟೆ ಸೋತ ಹೆಂಗಸರಿಗೆ ಗಿರಣಿ ದೊಡ್ಡ ಬಿಡುಗಡೆ, ಅದನ್ನು ಮರೆತು ಹಳೆಯದೇ ಚೆನ್ನಾಗಿತ್ತು ಅನ್ನಬಾರದು. ಆದರೆ ನಷ್ಟವೂ ಆಯಿತು. ಅದನ್ನು ಅಳೆಯಲು ಕುಳಿತವರು ನೀಲಗಿರಿಯ ಕೂನೂರಿನಲ್ಲಿದ್ದ ಸೇನಾ ವೈದ್ಯ ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಇಲಿಗಳಿಗೆ, ಮಂಗಗಳಿಗೆ ಸತ್ವ ಕಳೆದ ಆಹಾರ ಕೊಟ್ಟು, ಕರುಳಿಗೆ ಏನಾಗುತ್ತದೆ ಎಂದು ನೋಡಿದರು. ಅಂಥ ಆಹಾರ ತಿಂದ ಮಂಗಗಳ ಹೊಟ್ಟೆ ಕರುಳೆಲ್ಲ ಕೆಟ್ಟಿತು. 1921ರಲ್ಲಿ ಅವರ ಪುಸ್ತಕ ಬಂತು. ಅವರು ಕೂನೂರಿನಲ್ಲಿ ಶುರು ಮಾಡಿದ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದರ ಹೆಸರು ಮುಂದೆ ಮತ್ತೆ ಬರುತ್ತದೆ.

ಈ ನಡುವೆ ಇನ್ನೊಂದು ಅಡ್ಡದಾರಿ. ಹತ್ತನೇ ತರಗತಿಯ ಲ್ಯಾಬಿನಲ್ಲಿ ಪ್ರತ್ಯಾಮ್ಲಕ್ಕೆ ಎರಡು ಹನಿ ಹಾಕಿದರೆ ಗುಲಾಬಿ ಬಣ್ಣ ಬರಿಸುತ್ತಿದ್ದ ಫಿನಾಲ್ಫ್‌ಥಲೀನ್ ನೆನಪಿದೆಯೇ? 1900ರ ಆಸುಪಾಸಿನಲ್ಲಿ ಹಂಗೇರಿಯಲ್ಲಿ ಕಳಪೆ ವೈನನ್ನು ಗುರುತಿಸಲು ಅದನ್ನು ಬೆರೆಸಿದರು. ಕುಡಿದವರಿಗೆಲ್ಲ ಭೇದಿ! ಅಲ್ಲಿಂದ ಅಮೆರಿಕಕ್ಕೆ ಹೋಗಿದ್ದ ಔಷಧ ತಯಾರಕ ಮ್ಯಾಕ್ಸ್ ಕಿಸ್ 1906ರಲ್ಲಿ ಅದನ್ನು ಚಾಕೊಲೇಟಿಗೆ ಸೇರಿಸಿ ‘ಎಕ್ಸ್‌ಲ್ಯಾಕ್ಸ್’ ಎಂದು ಮಾರಿದರು. ಮೂಗು ಹಿಡಿದು ಹರಳೆಣ್ಣೆ ಕುಡಿಸುವ ಕಷ್ಟ ತಪ್ಪಿತೆಂದು ತಾಯಂದಿರು ಖುಷಿಪಟ್ಟರು. ಹತ್ತಿರ ಹತ್ತಿರ ತೊಂಬತ್ತು ವರ್ಷ ಅದು ಮನೆಮನೆಯ ಮದ್ದಾಗಿತ್ತು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಂಡದ್ದರಿಂದ 1999ರಲ್ಲಿ ಅಮೆರಿಕ ಸರ್ಕಾರ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಬಹಳ ಕಾಲದಿಂದ ಎಲ್ಲರೂ ತಿನ್ನುತ್ತಿದ್ದಾರೆ ಅನ್ನುವುದು ಯಾವ ಮದ್ದಿಗೂ ಸರ್ಟಿಫಿಕೇಟ್ ಆಗುವುದಿಲ್ಲ.

ಯುದ್ಧನೌಕೆಯಲ್ಲಿ ಬೂಸಾ, ಉಗಾಂಡದಲ್ಲಿ ತಕ್ಕಡಿ

1941. ಎರಡನೇ ಮಹಾಯುದ್ಧ. ಬ್ರಿಟನ್ನಿನ ಯುದ್ಧನೌಕೆ ‘ಕಿಂಗ್ ಜಾರ್ಜ್ ಫೈವ್’ ಅಟ್ಲಾಂಟಿಕ್ ಸಾಗರದಲ್ಲಿದೆ. ತಿಂಗಳುಗಟ್ಟಲೆ ಹಸಿ ತರಕಾರಿ ಇಲ್ಲದೆ ನಾವಿಕರ ಹೊಟ್ಟೆ ಕಟ್ಟಿಹೋಗಿದೆ. ಹಡಗಿನ ಡಾಕ್ಟರ್ ಟಿ. ಎಲ್. ಕ್ಲೀವ್ ಗೋಧಿ ಬೂಸಾದ ಮೂಟೆಗಳನ್ನು ತರಿಸಿ, ದಿನಾ ಇಷ್ಟಿಷ್ಟು ತಿನ್ನಿ ಎಂದು ಕೊಟ್ಟರು. ಸಮಸ್ಯೆ ಹತೋಟಿಗೆ ಬಂತು. ಅವರಿಗೆ ‘ಬೂಸಾ ಡಾಕ್ಟರು’ ಎಂಬ ಅರ್ಥ ಬರುವ ಅಡ್ಡಹೆಸರು ಅಂಟಿಕೊಂಡಿತು. ಸಕ್ಕರೆ, ಮೈದಾದಂಥ ಸತ್ವ ಸುಲಿದ ಆಹಾರವೇ ಅನೇಕ ಕಾಯಿಲೆಗಳ ಮೂಲ ಎಂದು ಅವರು ಬರೆಯುತ್ತಲೇ ಹೋದರು. ದೊಡ್ಡ ವೈದ್ಯರು ಯಾರೂ ಕಿವಿಗೊಡಲಿಲ್ಲ.

ಕಿವಿಗೊಟ್ಟವರು ಡೆನಿಸ್ ಬರ್ಕಿಟ್. ಐರ್ಲೆಂಡಿನವರು, ಚಿಕ್ಕಂದಿನಲ್ಲೇ ಒಂದು ಕಣ್ಣು ಕಳೆದುಕೊಂಡವರು, ಸುಮಾರು ಇಪ್ಪತ್ತು ವರ್ಷ ಉಗಾಂಡದಲ್ಲಿ ಸರ್ಜನ್ ಆಗಿದ್ದವರು. ಆಫ್ರಿಕಾದ ಮಕ್ಕಳ ದವಡೆಯಲ್ಲಿ ಬರುವ ಒಂದು ಕ್ಯಾನ್ಸರನ್ನು ಗುರುತಿಸಿದ್ದರಿಂದ ಅದಕ್ಕೆ ಅವರದೇ ಹೆಸರಿದೆ. 1966ರಲ್ಲಿ ಊರಿಗೆ ಮರಳಿದ ಮೇಲೆ ಕ್ಲೀವ್ ಅವರ ಪರಿಚಯವಾಯಿತು. ಬರ್ಕಿಟ್‌ಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ನೋಡುವ ಮೂಲವ್ಯಾಧಿ, ಕರುಳಿನ ಚೀಲ ಊತ, ಅಪೆಂಡಿಕ್ಸ್ ಮುಂತಾದ ಕಾಯಿಲೆಗಳು ಉಗಾಂಡದ ಹಳ್ಳಿಗಳಲ್ಲಿ ಅಪರೂಪವಾಗಿದ್ದವು. ಯಾಕೆ?

ಅವರು ಮಾಡಿದ ಕೆಲಸ ಕೇಳಿದರೆ ನಗು ಬರಬಹುದು. ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಗುಳಿಗೆಗಳನ್ನು ಜನರಿಗೆ ನುಂಗಲು ಕೊಡುವುದು, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅವರ ಮಲ ಸಂಗ್ರಹಿಸುವುದು, ತೂಗುವುದು, ಎಕ್ಸ್‌ರೇ ತೆಗೆದು ಗುಳಿಗೆ ಎಷ್ಟು ಗಂಟೆಗೆ ಹೊರಬಂತು ಎಂದು ಲೆಕ್ಕ ಹಾಕುವುದು. 1972ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರ್ಕಿಟ್, ವಾಕರ್, ಪೇಂಟರ್ ಮೂವರೂ ಸೇರಿ ಲೆಕ್ಕ ಪ್ರಕಟಿಸಿದರು. ಉಗಾಂಡದ ಹಳ್ಳಿಗರಲ್ಲಿ ತಿಂದದ್ದು ಹೊರಬರಲು ಸುಮಾರು 36 ಗಂಟೆ, ದಿನದ ಮಲದ ತೂಕ 470 ಗ್ರಾಂ ಆಸುಪಾಸು. ಬ್ರಿಟನ್ನಿನ ನೌಕಾಪಡೆಯವರು ಮತ್ತು ಅವರ ಹೆಂಡತಿಯರಲ್ಲಿ 80 ಗಂಟೆಗೂ ಮೀರಿ, ತೂಕ 100 ಗ್ರಾಂಗಿಂತ ಸ್ವಲ್ಪ ಹೆಚ್ಚು.

ಉಗಾಂಡದವರು ತಿನ್ನುತ್ತಿದ್ದದ್ದು ಬಾಳೆಕಾಯಿ, ಗೆಣಸು, ಕಾಳು, ರಾಗಿ. ಹೌದು, ರಾಗಿಯೇ. ನಮ್ಮ ರಾಗಿಯ ತವರು ಉಗಾಂಡ, ಇಥಿಯೋಪಿಯಾ ಕಡೆಯ ಎತ್ತರದ ನಾಡು. ಸಾವಿರಾರು ವರ್ಷ ಹಿಂದೆ ಅಲ್ಲಿಂದ ಇಲ್ಲಿಗೆ ಬಂದ ಬೆಳೆ ಅದು.

ಇದರ ಹಿಂದಿನ ಲೆಕ್ಕಾಚಾರ ಸರಳ. ದೊಡ್ಡ ಕರುಳಿನ ಮುಖ್ಯ ಕೆಲಸಗಳಲ್ಲಿ ಒಂದು ನೀರು ಹೀರಿಕೊಳ್ಳುವುದು. ಮಲ ಹೆಚ್ಚು ಹೊತ್ತು ಅಲ್ಲಿ ನಿಂತಷ್ಟೂ ಒಣಗುತ್ತದೆ, ಗಟ್ಟಿಯಾಗುತ್ತದೆ. ನಾರನ್ನು ನಮ್ಮ ಹೊಟ್ಟೆ ಜೀರ್ಣಿಸಿಕೊಳ್ಳಲಾರದು. ಅದು ನೀರು ಹಿಡಿದಿಟ್ಟುಕೊಂಡು, ಗಾತ್ರ ಹೆಚ್ಚಿಸಿ, ಕರುಳನ್ನು ಮುಂದಕ್ಕೆ ತಳ್ಳುವಂತೆ ಮಾಡುತ್ತದೆ. ಜೊತೆಗೆ ಕರುಳಿನ ಜೀವಾಣುಗಳಿಗೆ ಮೇವೂ ಆಗುತ್ತದೆ.

ಬರ್ಕಿಟ್ ಲೇಖನ ಬಂದ ಮರುವರ್ಷ, 1973ರಲ್ಲಿ, ಕರ್ನಾಟಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದದ್ದಕ್ಕೆ ದೊಡ್ಡ ಗಲಾಟೆಯೇ ಆಗಿ, ಕಡೆಗೆ ಮಂತ್ರಿಗಿರಿ ಹೋಯಿತು. ಅವರು ಎತ್ತಿದ ಪ್ರಶ್ನೆ ದೊಡ್ಡದು, ಅದರ ಚರ್ಚೆ ಇಲ್ಲಿ ಬೇಡ. ನಮ್ಮಲ್ಲಿ ಬೂಸಾ ಅನ್ನುವುದು ಬೈಗುಳವಾಗಿದ್ದ ಅದೇ ಹೊತ್ತಿನಲ್ಲಿ ಲಂಡನ್ನಿನ ಡಾಕ್ಟರುಗಳು ಅದನ್ನೇ ಚೀಟಿಯಲ್ಲಿ ಬರೆದುಕೊಡಲು ಶುರು ಮಾಡಿದ್ದರು ಅನ್ನುವುದು ಮಾತ್ರ ನೆನಪಾಗದೆ ಇರುವುದಿಲ್ಲ.

ಬರ್ಕಿಟ್ ಹೇಳಿದ್ದೆಲ್ಲ ಹಾಗೇ ನಿಲ್ಲಲಿಲ್ಲ. ನಾರು ತಿಂದರೆ ಕರುಳಿನ ಕ್ಯಾನ್ಸರ್ ತಪ್ಪುತ್ತದೆ ಎಂಬ ಅವರ ಮಾತಿಗೆ, 1999ರಲ್ಲಿ ಅಮೆರಿಕದ 88 ಸಾವಿರಕ್ಕೂ ಹೆಚ್ಚು ನರ್ಸುಗಳ ಮೇಲಿನ ಅಧ್ಯಯನದಲ್ಲಿ ಆಧಾರ ಸಿಗಲಿಲ್ಲ. 2003ರಲ್ಲಿ ಯುರೋಪಿನ ಇನ್ನೂ ದೊಡ್ಡ ಅಧ್ಯಯನ ಬರ್ಕಿಟ್ ಕಡೆ ವಾಲಿತು. ಮಲಬದ್ಧತೆಯ ವಿಷಯದಲ್ಲೂ ಬೂಸಾ ಎಲ್ಲರಿಗೂ ಆಗಿಬರುವುದಿಲ್ಲ. 1994ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಹೊಟ್ಟೆ ಹಿಂಡುವ, ಉಬ್ಬರಿಸುವ ಕರುಳಿನ ತೊಂದರೆಯಿದ್ದವರನ್ನು ಕೇಳಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಜನ ಬೂಸಾ ತಿಂದು ತಮಗೆ ಜಾಸ್ತಿಯೇ ಆಯಿತು ಎಂದರು. ಆದ್ದರಿಂದ ಯಾರಾದರೂ ಮೊಬೈಲಿನಲ್ಲಿ ಒಂದೇ ಮದ್ದು ಎಲ್ಲರಿಗೂ ಎಂದು ಹೇಳಿದರೆ ಎರಡು ಸಲ ಯೋಚಿಸಿ.

ಇಸಬ್‌ಗೋಲ್: ಇಲ್ಲಿ ಸಿಪ್ಪೆ ಮನುಷ್ಯರಿಗೆ, ಕಾಳು ದನಕ್ಕೆ

ಅಂಥವರಿಗೂ ಬೂಸಾಕ್ಕಿಂತ ಮೆತ್ತಗೆ ಕೆಲಸ ಮಾಡುವ ಸಿಪ್ಪೆಯೊಂದು ನಮ್ಮ ದೇಶದಲ್ಲೇ ಇತ್ತು. ಇಸಬ್‌ಗೋಲ್ ಎಂಬ ಹೆಸರು ಪಾರಸಿಯದು, ಕುದುರೆಯ ಕಿವಿ ಎಂದು ಅರ್ಥ. ಬೀಜ ದೋಣಿಯಂತೆ ಬಾಗಿ ನಿಜಕ್ಕೂ ಹಾಗೇ ಕಾಣುತ್ತದೆ. ಉತ್ತರ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದ ಹಿಂಗಾರು ಬೆಳೆ ಅದು. ಜೀರಿಗೆಗೆ ಹೆಸರಾದ ಉಂಝಾ ಮಾರುಕಟ್ಟೆಯಲ್ಲೇ ಇದರ ವ್ಯಾಪಾರ. ಪಕ್ಕದ ಸಿದ್ಧಪುರದಲ್ಲಿ ಸಿಪ್ಪೆ ಬಿಡಿಸುವ ಕಾರ್ಖಾನೆಗಳು. ಕೊಯ್ಲಿಗೆ ಬಂದಾಗ ಒಂದು ಮಳೆ ಬಿದ್ದರೆ ಬೆಳೆಯ ಗತಿ ಮುಗಿಯಿತು. ಬೀಜ ನೀರು ಕುಡಿದು ಉಬ್ಬಿ ಲೋಳೆಯಾಗಿ ಉದುರುತ್ತದೆ. ರೈತರನ್ನು ಮುಳುಗಿಸುವ ಆ ಗುಣವೇ ಹೊಟ್ಟೆಗೆ ಔಷಧಿ. ಸಿಪ್ಪೆ ತನ್ನ ಹತ್ತಾರು ಪಟ್ಟು ನೀರು ಹಿಡಿದು ಲೋಳೆಯಾಗಿ, ಕರುಳಿನಲ್ಲಿ ಹಾಗೇ ಕೆಳಗಿಳಿಯುತ್ತದೆ.

ಹಳೆಯ ಕಾಲದ ಹಕೀಮರು, ಆಮೇಲೆ ಇಂಗ್ಲಿಷ್ ಡಾಕ್ಟರುಗಳು ಇದನ್ನು ಹೆಚ್ಚಾಗಿ ಕೊಡುತ್ತಿದ್ದದ್ದು ಆಮಶಂಕೆಗೆ, ಅಂದರೆ ಭೇದಿ ನಿಲ್ಲಿಸಲು! ತೆಳ್ಳಗಿದ್ದರೆ ನೀರನ್ನು ಹಿಡಿದು ಗಟ್ಟಿ ಮಾಡುತ್ತದೆ, ಗಟ್ಟಿಯಿದ್ದರೆ ನೀರು ಸೇರಿಸಿ ಮೆತ್ತಗೆ ಮಾಡುತ್ತದೆ. 1934ರಲ್ಲಿ ಅಮೆರಿಕದಲ್ಲಿ ಇದನ್ನೇ ‘ಮೆಟಾಮ್ಯುಸಿಲ್’ ಎಂಬ ಹೆಸರಿನಲ್ಲಿ ಮಾರತೊಡಗಿದರು. ಇವತ್ತಿಗೂ ಜಗತ್ತಿಗೆ ಇಸಬ್‌ಗೋಲ್ ಒದಗಿಸುವವರಲ್ಲಿ ಭಾರತವೇ ಮೊದಲು, ಕೊಳ್ಳುವವರಲ್ಲಿ ಅಮೆರಿಕ ಮೊದಲು. ಬೀಜದ ತೂಕದಲ್ಲಿ ಸಿಪ್ಪೆ ಕಾಲು ಭಾಗ ಮಾತ್ರ. ಸಿಪ್ಪೆ ಹಡಗು ಹತ್ತುತ್ತದೆ, ಉಳಿದ ಕಾಳು ದನದ ಮೇವಿಗೆ ಹೋಗುತ್ತದೆ. ಗೋಧಿಗೆ ಮಾಡಿದ್ದರ ಪೂರ್ತಿ ತಿರುವುಮುರುವು.

ತೆಗೆದುಕೊಳ್ಳುವವರು ಒಂದು ವಿಷಯ ಗಮನದಲ್ಲಿಡಬೇಕು. ಒಂದು ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವ ಮುದುಕರಿಗೆ ಕೊಡಬೇಡಿ. ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆ ತಿನ್ನುವವರು ಇದಕ್ಕೂ ಮಾತ್ರೆಗೂ ಎರಡು ಗಂಟೆ ಅಂತರ ಬಿಡಿ. ಹಾಗೆಯೇ ‘ಆಯುರ್ವೇದಿಕ್’ ಎಂದು ಬರೆದ ಎಷ್ಟೋ ಚೂರ್ಣಗಳಲ್ಲಿ ಇರುವುದು ಸೋನಾಮುಖಿ ಎಲೆ. ಅದು ಸಿಪ್ಪೆಯ ಜಾತಿಯಲ್ಲ, ಹರಳೆಣ್ಣೆಯಂತೆ ಕರುಳನ್ನು ಚುಚ್ಚಿ ಓಡಿಸುವ ಜಾತಿ. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಡಾಕ್ಟರು ಹೇಳಿದಷ್ಟು ದಿನಕ್ಕೆ ಸರಿ, ನಾವೇ ವರ್ಷಗಟ್ಟಲೆ ತಿನ್ನುವುದಕ್ಕಲ್ಲ.

ನಮ್ಮ ತಟ್ಟೆ, ನಮ್ಮ ಮಾತ್ರೆ

ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10, ಗೋಧಿ ಹಿಟ್ಟಿನಲ್ಲಿ 11. ಪಾಲಿಶ್ ಅಕ್ಕಿಯಲ್ಲೂ ಮೈದಾದಲ್ಲೂ 3 ಗ್ರಾಂಗಿಂತ ಕಡಿಮೆ. ದಿನಕ್ಕೆ 200 ಗ್ರಾಂ ರಾಗಿ ತಿನ್ನುತ್ತಿದ್ದವರು ಅಷ್ಟೇ ಅಕ್ಕಿಗೆ ಬದಲಾದರೆ 22 ಗ್ರಾಂ ನಾರು 6 ಗ್ರಾಂಗೂ ಕೆಳಗೆ ಇಳಿಯುತ್ತದೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾಗಿಗೆ ಇನ್ನೊಂದು ಅನುಕೂಲವಿದೆ. ಕಾಳು ಅಷ್ಟು ಸಣ್ಣದು, ಸಿಪ್ಪೆ ಅಷ್ಟು ಬಿಗಿ, ಸುಲಭಕ್ಕೆ ಸುಲಿಯಲು ಬರುವುದಿಲ್ಲ. ಗಿರಣಿಗೆ ಸಿಪ್ಪೆ ಸಮೇತವೇ ಬೀಳುತ್ತದೆ. ತೀರ ನುಣುಪಾದ ಜರಡಿ ಹಿಡಿದು ನಾವೇ ಕಳೆಯದಿದ್ದರೆ ಸಾಕು.

ಇದು ರೇಶನ್ ಅಕ್ಕಿಯನ್ನು ಹಳಿಯುವ ಮಾತಲ್ಲ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಯ ಒಲೆ ಎರಡೂ ಹೊತ್ತು ಉರಿದಿದೆ. ಅದೇ ಅಕ್ಕಿಯ ಅನ್ನದ ಜೊತೆ ಹುರುಳಿಕಾಳು, ಅವರೆಕಾಳು, ಬಸ್ಸಾರು, ಬೇಲಿಯಲ್ಲಿ ಬೆಳೆಯುವ ಸೊಪ್ಪು, ಒಂದು ಸೀಬೆಹಣ್ಣು ಸೇರಿದರೆ ಕೊರತೆ ಬಹಳಷ್ಟು ತುಂಬುತ್ತದೆ. ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ, ವಾರ ಹದಿನೈದು ದಿನ ತೆಗೆದುಕೊಂಡು ನಿಧಾನಕ್ಕೆ ಏರಿಸಿ.

ಕಷ್ಟ ಹೆಚ್ಚಾಗಿರುವುದು ಬಸುರಿಯರಿಗೆ. ನಮ್ಮ ದೇಶದಲ್ಲಿ ರಕ್ತಹೀನತೆ ತಡೆಯಲು ಕಬ್ಬಿಣದ ಮಾತ್ರೆ ಕೊಡುವ ಯೋಜನೆ 1970ರಿಂದ ಇದೆ. ಈಗ ಆಶಾ ಅಕ್ಕಂದಿರು ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ಬಸುರಿಯಲ್ಲಿ 180 ದಿನ, ಹೆರಿಗೆಯ ನಂತರ 180 ದಿನ ತಿನ್ನಬೇಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಮಾತ್ರೆ ಬೇಕೇ ಬೇಕು. ಆದರೆ ಕಬ್ಬಿಣದ ಮಾತ್ರೆ ಹಲವರಿಗೆ ಹೊಟ್ಟೆ ಕಟ್ಟಿಸುತ್ತದೆ. ಬಸುರಿಯಲ್ಲಿ ಹಾರ್ಮೋನಿನಿಂದ ಕರುಳು ಮೊದಲೇ ನಿಧಾನವಾಗಿರುತ್ತದೆ. ಮಲ ಕಪ್ಪಗೆ ಬಂದದ್ದು ಕಂಡು ಗಾಬರಿಯೂ ಆಗುತ್ತದೆ. ಯಾರಿಗೂ ಹೇಳಲು ನಾಚಿಕೆ. ಆಮೇಲೆ ಮಾತ್ರೆ ಹಾಸಿಗೆ ಕೆಳಗೋ ಡಬ್ಬಿಯೊಳಗೋ ಉಳಿಯುತ್ತದೆ, ಹೆರಿಗೆಯ ಹೊತ್ತಿಗೆ ರಕ್ತ ಸಾಲದೆ ಓಡಾಡುವಂತಾಗುತ್ತದೆ.

ಕಪ್ಪು ಬಣ್ಣ ಕಬ್ಬಿಣದ್ದು, ಭಯ ಬೇಡ. ಮಾತ್ರೆ ಬಿಡಬೇಡಿ, ತೊಂದರೆಯನ್ನು ಆಶಾ ಅಕ್ಕನಿಗೋ ನರ್ಸಮ್ಮನಿಗೋ ಬಾಯಿಬಿಟ್ಟು ಹೇಳಿ. ಊಟದಲ್ಲಿ ಕಾಳು, ಸೊಪ್ಪು, ಹಣ್ಣು, ನೀರು ಹೆಚ್ಚಲಿ. ಇಲ್ಲೊಂದು ಸೂಕ್ಷ್ಮವಿದೆ. ರಾಗಿಯ ಸಿಪ್ಪೆ, ಬೂಸಾ, ಟೀ, ಕಾಫಿ ಇವೆಲ್ಲ ಕಬ್ಬಿಣ ಮೈಗೆ ಹತ್ತದಂತೆ ಅಡ್ಡಬರುತ್ತವೆ. ಮುದ್ದೆ ಉಂಡ ಕೂಡಲೇ ಮಾತ್ರೆ ನುಂಗಬೇಡಿ, ಎರಡು ಗಂಟೆ ಬಿಟ್ಟು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆಯೂ ಬೇರೆ ಹೊತ್ತಿನಲ್ಲಿ. ಬಸುರಿಯರಿಗೆ ಹರಳೆಣ್ಣೆ ಯಾರೇ ಹೇಳಿದರೂ ಬೇಡ, ಅದು ಗರ್ಭಕೋಶವನ್ನೂ ಹಿಂಡಬಲ್ಲದು.

ಆಹಾರ ಎಷ್ಟೇ ಸರಿಯಿದ್ದರೂ ಸರಿಹೋಗದ ಇನ್ನೊಂದು ಕಾರಣ ನಮ್ಮ ಹಳ್ಳಿಗಳಲ್ಲಿದೆ. ಕಕ್ಕಸು ಇಲ್ಲದ, ಅಥವಾ ಇದ್ದೂ ನೀರಿಲ್ಲದ ಮನೆಯ ಹೆಂಗಸರು ಕತ್ತಲಾಗಲಿ ಎಂದು ಕಾಯುತ್ತಾರೆ. ಕೂಲಿಗೆ ಹೋದ ಕಡೆ ಮರೆ ಇರುವುದಿಲ್ಲ. ಬಂದದ್ದನ್ನು ತಡೆಯುತ್ತಾರೆ, ತಡೆಯಬೇಕಾಗುತ್ತದೆ ಎಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ದಿನವೂ ಹೀಗೆ ತಡೆದರೆ ಬಂದದ್ದೇ ಗೊತ್ತಾಗದಂತೆ ಆ ಭಾಗದ ಸೂಚನೆ ಮಂಕಾಗುತ್ತದೆ. ನೀರಿಲ್ಲದ ಮೇಲೆ ನಾರು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಇದಕ್ಕೆ ಯಾವ ಡಬ್ಬಿಯಲ್ಲೂ ಮದ್ದಿಲ್ಲ, ಗ್ರಾಮಸಭೆಯಲ್ಲಿ ನಲ್ಲಿಯ ನೀರಿಗೂ ಕಕ್ಕಸಿನ ಬಾಗಿಲಿಗೂ ಕೇಳಬೇಕು.

ಮಲದಲ್ಲಿ ರಕ್ತ, ಕಬ್ಬಿಣದ ಮಾತ್ರೆ ತಿನ್ನದೆಯೂ ಡಾಂಬರಿನಂತೆ ಕಪ್ಪಗೆ ಬರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಯಸ್ಸಾದವರಲ್ಲಿ ಮೊದಲಿದ್ದ ರೂಢಿ ಇದ್ದಕ್ಕಿದ್ದಂತೆ ಬದಲಾಗುವುದು, ಹೊಟ್ಟೆ ಉಬ್ಬಿ ವಾಂತಿಯಾಗಿ ಗಾಳಿಯೂ ಹೋಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಬೂಸಾ, ಇಸಬ್‌ಗೋಲ್ ಪ್ರಯೋಗ ಮಾಡುತ್ತ ಕೂರಬೇಡಿ. ಅದರಲ್ಲೂ ಕಡೆಯದಾದರೆ ಬೆಳಗಾಗಲಿ ಎಂದೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.